ಉಡುಪಿಯಲ್ಲಿ ಸೈಕಲ್‌ನ ಹಿಂಬದಿಯ ಮಕ್ಕಳ ಸೀಟು: ದೀರ್ಘಕಾಲದ ಬಳಕೆಯ ನಂತರ

ಸೈಕಲ್‌ನ ಹಿಂಭಾಗಕ್ಕೆ ಜೋಡಿಸುವ ಮಕ್ಕಳ ಸೀಟನ್ನು ನಾವು ಕೊಂಡದ್ದು ಮಗಳು ನಡೆಯಲು ಕಲಿತು ಕೆಲವು ತಿಂಗಳಾದ ಮೇಲೆ. ಈಗ ಅವಳು ಶಾಲೆಗೆ ಸೇರುವ ವಯಸ್ಸಿಗೆ ಬಂದಿದ್ದಾಳೆ. ಸೀಟು ಇನ್ನೂ ಬಳಕೆಯಲ್ಲಿದೆ. ನಮ್ಮ ಮನೆ ಅಂಬಲಪಾಡಿಯಿಂದ ಪಡುವಣಕ್ಕೆ, ಕಿದಿಯೂರಿನ ಕಡೆಗಿದೆ. ಆದ್ದರಿಂದ ಉಪ್ಪುಗಾಳಿ, ಹೊಯಿಗೆ, ನಾಲ್ಕು ತಿಂಗಳ ಮಳೆ ಎಲ್ಲವನ್ನೂ ಈ ಸೀಟು ಕಂಡಿದೆ. ತಯಾರಕರ ಹೆಸರನ್ನು ಇಲ್ಲಿ ಬರೆದಿಲ್ಲ, ಯಾಕೆಂದರೆ ನಾನು ಹೇಳಲಿರುವ ಹೆಚ್ಚಿನ ಮಾತು ಈ ಬಗೆಯ ಎಲ್ಲ ಸೀಟುಗಳಿಗೂ ಅನ್ವಯಿಸುತ್ತದೆ. ನನ್ನ ಅಭಿಪ್ರಾಯ ಇಷ್ಟು: ಸೀಟು ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಅದನ್ನು ಹೊರುವ ಸೈಕಲ್ ಸರಿಯಿಲ್ಲದಿದ್ದರೆ ಎಷ್ಟು ಬೆಲೆಬಾಳುವ ಸೀಟು ತಂದರೂ ಪ್ರಯೋಜನವಿಲ್ಲ.

ಈ ಸೀಟು ಕ್ಯಾರಿಯರ್ ಮೇಲೆ ಕೂರುವುದಿಲ್ಲ. ಸವಾರನ ಸೀಟಿನ ಕೆಳಗಿರುವ ಕೊಳವೆಗೆ ಒಂದು ಕ್ಲಾಂಪ್ ಬಿಗಿದು, ಅದರೊಳಗೆ ಉಕ್ಕಿನ ಎರಡು ಸರಳುಗಳನ್ನು ತೂರಿಸಿದರೆ, ಮಗುವಿನ ಸೀಟು ಹಿಂದಿನ ಚಕ್ರದ ಮೇಲ್ಗಡೆ ಅವುಗಳ ಆಧಾರದಲ್ಲಿಯೇ ನಿಲ್ಲುತ್ತದೆ. ಹೊಂಡ ಬಂದಾಗ ಸರಳುಗಳು ತುಸು ಬಾಗಿ ಏಳುವುದರಿಂದ ಪೆಟ್ಟು ಮಗುವಿನ ಬೆನ್ನಿಗೆ ನೇರವಾಗಿ ತಲುಪುವುದಿಲ್ಲ. ಕ್ಯಾರಿಯರ್‌ಗೆ ಬಿಗಿಯುವ ಮಾದರಿಗಳಲ್ಲಿ ಈ ಅನುಕೂಲ ಕಡಿಮೆ. ಸೀಟಿನ ಪಕ್ಕದಲ್ಲಿ ಭಾರಕೇಂದ್ರದ ಗುರುತೊಂದು ಇದೆ. ಅದು ಹಿಂದಿನ ಚಕ್ರದ ಅಚ್ಚಿನಿಂದ 10 ಸೆಂ.ಮೀ.ಗಿಂತ ಹಿಂದಕ್ಕೆ ಹೋಗಬಾರದೆಂದು ಕೈಪಿಡಿ ಹೇಳುತ್ತದೆ, ಇದನ್ನು ಕಡೆಗಣಿಸಿದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಅತ್ತಿತ್ತ ಆಡತೊಡಗುತ್ತದೆ. ಕ್ಲಾಂಪ್‌ನ ಅಡಿಯಲ್ಲಿ ಬ್ರೇಕ್ ಅಥವಾ ಗೇರ್ ಕೇಬಲ್ ಸಿಕ್ಕಿಕೊಳ್ಳದಂತೆಯೂ ನೋಡಿಕೊಳ್ಳಬೇಕು. ಕೊಳ್ಳುವಾಗ ಯುರೋಪಿನ ಇಎನ್ 14344 ಮಾನದಂಡದ ಗುರುತು ಇದೆಯೇ ಎಂದು ನೋಡಿ. ಹಿಂಬದಿಯ ಸೀಟುಗಳಲ್ಲಿ 9ರಿಂದ 22 ಕೆ.ಜಿ. ತೂಕದ ಮಗುವಿಗೆ ಆಗುವಂಥದ್ದನ್ನೇ ಕೊಳ್ಳುವುದು ಲೇಸು, ಯಾಕೆಂದರೆ 15 ಕೆ.ಜಿ. ಮಿತಿಯ ಸೀಟಿನ ಆಯುಸ್ಸು ಬೇಗ ಮುಗಿಯುತ್ತದೆ.

ಇನ್ನು ಸೈಕಲ್‌ನ ವಿಚಾರ. ಹಿಂದೆ ಮಗು ಕುಳಿತಿರುವಾಗ ಸವಾರನು ಕಾಲನ್ನು ಹಿಂದಿನಿಂದ ಬೀಸಿ ಸೈಕಲ್ ಹತ್ತುವಂತಿಲ್ಲ, ಬೀಸಿದರೆ ಕಾಲು ಮಗುವಿನ ಮುಖಕ್ಕೇ ಹೋಗುತ್ತದೆ. ಕಾಲನ್ನು ಮುಂದಿನಿಂದಲೇ ದಾಟಿಸಬೇಕಾದ್ದರಿಂದ ನಮ್ಮೂರಿನಲ್ಲಿ ಲೇಡೀಸ್ ಸೈಕಲ್ ಎಂದು ಕರೆಯುವ, ಅಡ್ಡಕಂಬಿ ಇಲ್ಲದ ಸೈಕಲ್ಲೇ ಈ ಕೆಲಸಕ್ಕೆ ಯೋಗ್ಯ. ಗಂಡಸರು ಇದಕ್ಕೆ ನಾಚಿಕೊಳ್ಳುವುದನ್ನು ಕಂಡಿದ್ದೇನೆ; ಅಂಥವರು ತುಂಬಿದ ಸೀಟಿನೊಂದಿಗೆ ಅಡ್ಡಕಂಬಿಯ ಸೈಕಲ್ಲನ್ನು ಒಮ್ಮೆ ಹತ್ತಿ ನೋಡಲಿ, ನಾಚಿಕೆ ತಾನಾಗಿ ಬಿಟ್ಟುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಸ್ಟ್ಯಾಂಡಿಗೆ. ಸೈಕಲ್ ಓಡುತ್ತಿರುವಾಗ ಮಗುವಿನ ಭಾರ ಅಷ್ಟಾಗಿ ತಿಳಿಯುವುದಿಲ್ಲ, ವೇಗವೇ ಸಮತೋಲ ಕೊಡುತ್ತದೆ. ಅಪಾಯವಿರುವುದು ನಿಂತಾಗ. ನಾಲ್ಕು ಕೆ.ಜಿ.ಯ ಆಸುಪಾಸಿನ ಸೀಟು, ಅದರೊಳಗೆ ಹದಿನಾಲ್ಕು ಹದಿನೈದು ಕೆ.ಜಿ.ಯ ಮಗು, ಇಷ್ಟೂ ಭಾರ ಚಕ್ರಕ್ಕಿಂತ ಮೇಲೆ ಇರುವಾಗ, ಒಂಟಿ ಕಾಲಿನ ಸೈಡ್ ಸ್ಟ್ಯಾಂಡ್ ಹಾಕಿದ ಸೈಕಲ್ ಮಗು ಒಂದು ಕಡೆಗೆ ವಾಲಿದರೂ ಸಾಕು, ಮಗುಚಿ ಬೀಳುತ್ತದೆ. ಹೊಯಿಗೆಯ ನೆಲದಲ್ಲಂತೂ ಸ್ಟ್ಯಾಂಡಿನ ತುದಿ ನಮ್ಮ ಕಣ್ಣೆದುರಿಗೇ ಮೆಲ್ಲಗೆ ಹೂತುಹೋಗುತ್ತದೆ. ಬೆಲ್ಟ್ ಬಿಗಿದಿರುವ ಮಗು ಸೈಕಲ್ ಬಿದ್ದಾಗ ಕೈಯೂರಿ ತಪ್ಪಿಸಿಕೊಳ್ಳಲಾರದು ಎಂಬುದನ್ನು ಮರೆಯಬಾರದು. ನಾವು ಸೀಟಿನ ಜೊತೆಗೇ ಎರಡು ಕಾಲಿನ ಅಗಲವಾದ ಸ್ಟ್ಯಾಂಡ್ ಹಾಕಿಸಿದೆವು. ಹಾಗಿದ್ದೂ ಮಗು ಸೀಟಿನಲ್ಲಿರುವಷ್ಟು ಹೊತ್ತು ಹ್ಯಾಂಡಲ್ ಮೇಲೆ ಒಂದು ಕೈ ಇರಲೇಬೇಕೆಂಬ ನಿಯಮವನ್ನು ಮನೆಯಲ್ಲಿ ಎಲ್ಲರೂ ಪಾಲಿಸುತ್ತೇವೆ. ಬೊಂಡ ಕುಡಿಯಲು ನಿಂತರೆ ಮೊದಲು ಮಗು ಇಳಿಯಬೇಕು, ಆಮೇಲೆ ಬೊಂಡ. ಚಕ್ರ ನಿಂತಲ್ಲೇ ತಿರುಗದಂತೆ ಮುಂದಿನ ಬ್ರೇಕ್ ಲಿವರನ್ನು ರಬ್ಬರ್ ಪಟ್ಟಿಯಿಂದ ಹಿಡಿಕೆಗೆ ಬಿಗಿದಿಡುವುದೂ ಉಪಯುಕ್ತವೆಂದು ಕಂಡುಕೊಂಡಿದ್ದೇವೆ.

ಮಕ್ಕಳ ಕಾಲು ಚಕ್ರದ ಕಡ್ಡಿಗಳ ನಡುವೆ ಸಿಲುಕುವುದು ನಮ್ಮಲ್ಲಿ ಹಳೆಯ ಪೀಡೆ. ಕ್ಯಾರಿಯರ್ ಮೇಲೆ ಮಗುವನ್ನು ಸುಮ್ಮನೆ ಕೂರಿಸಿಕೊಂಡು ಹೋಗುವ ಮನೆಗಳಲ್ಲಿ ಹಿಮ್ಮಡಿಯ ಗಾಯದ ಕಲೆ ಇರುವವರು ಒಬ್ಬರಾದರೂ ಸಿಗುತ್ತಾರೆ. ಈ ಸೀಟಿನಲ್ಲಿ ಪಾದ ಇಡಲು ಅಂಚು ಎತ್ತರವಾಗಿರುವ ತೊಟ್ಟಿಯಂಥ ಜಾಗವಿದ್ದು, ಪಾದದ ಮೇಲೆ ಪಟ್ಟಿ ಬಿಗಿಯಬಹುದು. ಮಗು ಬೆಳೆದಂತೆ ಅದನ್ನು ಕೆಳಗಿಳಿಸಬಹುದು. ಆದರೆ ಕೈಬೆರಳುಗಳಿಗೆ ಇಂಥ ರಕ್ಷಣೆ ಇಲ್ಲ. ನಮ್ಮ ಸಾಮಾನ್ಯ ಸೈಕಲ್‌ಗಳಲ್ಲಿ ಸವಾರನ ಸೀಟಿನ ಅಡಿಯಲ್ಲಿ ದಪ್ಪ ಸ್ಪ್ರಿಂಗ್‌ಗಳಿರುತ್ತವೆ, ಅವು ಸರಿಯಾಗಿ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿರುತ್ತವೆ, ಸವಾರ ಕುಳಿತೊಡನೆ ಕುಗ್ಗುತ್ತವೆ. ಸ್ಪ್ರಿಂಗ್ ಇಲ್ಲದ ಸೀಟನ್ನು ಹಾಕಿಸಿ, ಇಲ್ಲವೇ ಗಟ್ಟಿ ರೆಕ್ಸಿನ್ ಬಟ್ಟೆಯಿಂದ ಸುತ್ತಲೂ ಮುಚ್ಚಿಸಿ.

ಹೆಲ್ಮೆಟ್ಟಿನ ಬಗ್ಗೆ ನಮ್ಮಲ್ಲಿ ಇನ್ನೂ ಉದಾಸೀನವಿದೆ. 2023ರ ಫೆಬ್ರುವರಿಯಿಂದ ಜಾರಿಗೆ ಬಂದಿರುವ ಕೇಂದ್ರ ನಿಯಮದ ಪ್ರಕಾರ ಬೈಕ್ ಸವಾರರು ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ಸುರಕ್ಷಾ ಬೆಲ್ಟ್ ಕಟ್ಟಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಹಾಕಬೇಕು, ವೇಗ 40 ಕಿ.ಮೀ. ಮೀರಬಾರದು. ಸೈಕಲ್‌ಗೆ ಈ ನಿಯಮ ಅನ್ವಯಿಸುವುದಿಲ್ಲ, ಆದರೆ ಅದೇ ನಿಯಮ ಮಗುವಿಗೆ ಒಪ್ಪಿರುವ ಸೈಕಲ್ ಹೆಲ್ಮೆಟ್‌ಗಳ ಮಾನದಂಡಗಳಾದ ಇಎನ್ 1078 ಮತ್ತು ಇಎನ್ 1080 ನಮಗೆ ಕೊಳ್ಳುವಾಗ ದಾರಿ ತೋರಿಸುತ್ತವೆ. ಎರಡನೆಯದು ಚಿಕ್ಕ ಮಕ್ಕಳಿಗಾಗಿಯೇ ಇರುವಂಥದ್ದು, ಅದರ ಹಸಿರು ಬಕಲ್ ಜೋರಾಗಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಗು ಹೆಲ್ಮೆಟ್ ತೆಗೆಯದೆಯೇ ಜಾರುಬಂಡಿ ಹತ್ತಿದರೂ ಕುತ್ತಿಗೆಗೆ ನೇಣಾಗದಿರಲಿ ಎಂಬುದು ಉದ್ದೇಶ. ನಮ್ಮ ಸೀಟಿನ ನಿಜವಾದ ದೋಷ ಕಾಣಿಸಿದ್ದು ಇಲ್ಲಿಯೇ. ಹೆಲ್ಮೆಟ್ಟಿನ ಹಿಂಭಾಗ ಉಬ್ಬಿಕೊಂಡಿರುವುದರಿಂದ ಅದು ಸೀಟಿನ ಬೆನ್ನಿಗೆ ತಾಗಿ ಮಗುವಿನ ತಲೆಯನ್ನು ಮುಂದಕ್ಕೆ ತಳ್ಳುತ್ತಿತ್ತು. ಎಚ್ಚರವಿದ್ದಾಗ ಹೇಗೋ ನಡೆಯಿತು. ನಿದ್ದೆ ಬಂದರೆ ಗಲ್ಲ ಎದೆಗೆ ತಾಗಿ, ಹೆಲ್ಮೆಟ್ ಕಣ್ಣಿನ ಮೇಲೆ ಸರಿದು, ಮಗು ಅರೆನಿದ್ದೆಯಲ್ಲೇ ರಗಳೆ ಮಾಡುತ್ತಿತ್ತು. ಹಿಂಭಾಗ ಚಪ್ಪಟೆಯಾಗಿರುವ ಹೆಲ್ಮೆಟ್ ತಂದ ಮೇಲೆ ಅರ್ಧ ಸರಿಹೋಯಿತು. ಕೊಳ್ಳುವವರು ಬೆನ್ನಿನ ಮೇಲ್ಭಾಗದಲ್ಲಿ ತಗ್ಗು ಇರುವ, ಸಾಧ್ಯವಾದರೆ ಹಿಂದಕ್ಕೆ ಒರಗಿಸಬಹುದಾದ ಸೀಟನ್ನೇ ಆರಿಸಿಕೊಳ್ಳಲಿ.

ದಾರಿಗಳ ವಿಷಯದಲ್ಲಿ ಉಡುಪಿಗೆ ಎರಡು ಮುಖಗಳಿವೆ. ಮಲ್ಪೆಯ ಸೇತುವೆ ದಾಟಿ ಪಡುಕೆರೆಗೆ ಇಳಿದರೆ, ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಮಟ್ಟುವಿನ ಕಡೆಗೆ ಹೋಗುವ ಸಮತಟ್ಟಾದ ರಸ್ತೆ. ಬೆಳಗಿನ ಹೊತ್ತು ವಾಹನವೂ ವಿರಳ. ಮಗುವನ್ನು ಕೂರಿಸಿಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಈ ಭಾಗದಲ್ಲಿ ಕಂಡಿಲ್ಲ. ಅಲ್ಲಿ ಒಮ್ಮೆ ಮೀನು ಒಣಗಿಸುತ್ತಿದ್ದ ಹಿರಿಯ ಹೆಂಗಸೊಬ್ಬರು, "ಪಾಪ, ಮಗುವನ್ನು ಹೀಗೆ ಕಟ್ಟಿಹಾಕುವುದಾ ಮಾರಾಯ್ರೆ?" ಎಂದು ಕೇಳಿದರು. ನಾನು ಉತ್ತರ ಹುಡುಕುವ ಮೊದಲೇ ಅವರ ಮನೆಯ ಸ್ಕೂಟರಿನಲ್ಲಿ ನಾಲ್ವರು ಹೊರಟುಹೋದರು. ಮೂಡಣ ದಿಕ್ಕಿನ ಕತೆಯೇ ಬೇರೆ. ಕಡಿಯಾಳಿ ದಾಟಿ ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯಲ್ಲಿ, ಗೇರ್ ಇಲ್ಲದ ಸೈಕಲ್‌ನಲ್ಲಿ ಮಗುವನ್ನು ಹೊತ್ತು ಹತ್ತುವುದು ಕಷ್ಟ, ಇಳಿಯುವುದು ಅದಕ್ಕಿಂತ ಕಷ್ಟ, ಯಾಕೆಂದರೆ ಹೆಚ್ಚಿದ ಭಾರಕ್ಕೆ ಸಾಧಾರಣ ರಿಮ್ ಬ್ರೇಕ್‌ಗಳು ಸಾಲುವುದಿಲ್ಲ, ಒದ್ದೆ ರಸ್ತೆಯಲ್ಲಂತೂ ಬ್ರೇಕ್ ಹಿಡಿದ ಮೇಲೂ ಸೈಕಲ್ ಬಹಳ ದೂರ ಹೋಗಿ ನಿಲ್ಲುತ್ತದೆ. ಮಣಿಪಾಲದಲ್ಲಿ ಮನೆ ಇರುವವರಿಗೆ ನಾನು ಈ ಸೀಟನ್ನು ಶಿಫಾರಸು ಮಾಡುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಂತೂ ಯಾರೂ ಮಗುವನ್ನು ಕೂರಿಸಿಕೊಂಡು ಸೈಕಲ್ ತುಳಿಯಕೂಡದು. ದಾಟಲೇಬೇಕಾದಲ್ಲಿ ಇಳಿದು ತಳ್ಳಿಕೊಂಡು ದಾಟುವುದೇ ಸರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೀಟು ಹೆಚ್ಚಾಗಿ ಮನೆಯೊಳಗೇ ಇರುತ್ತದೆ. ಕ್ಲಾಂಪ್‌ನ ಗುಂಡಿ ಒತ್ತಿ ಸರಳುಗಳನ್ನು ಎಳೆದರೆ ಸೀಟು ಕೈಗೆ ಬರುತ್ತದೆಂಬುದು ಇದರ ಗುಣಗಳಲ್ಲಿ ಒಂದು. ಮೊದಲ ಮಳೆಗಾಲದಲ್ಲಿ ಮೆತ್ತೆಗೆ ಬೂಷ್ಟು ಹಿಡಿಯಿತು, ತೊಳೆದು ಒಣಗಿಸಿದರೆ ಹೋಯಿತು. ಪ್ಲಾಸ್ಟಿಕ್ ಮೈ ಈವರೆಗೆ ಬಿರುಕು ಬಿಟ್ಟಿಲ್ಲ. ಸರಳುಗಳ ಬಣ್ಣ ಎದ್ದ ಕಡೆ ತುಕ್ಕು ಬಂದಿದೆ, ಬೋಲ್ಟುಗಳಿಗೆ ಗ್ರೀಸ್ ಹಚ್ಚದಿದ್ದರೆ ಕಡಲ ಬದಿಯಲ್ಲಿ ಅವು ಮತ್ತೆ ಬಿಚ್ಚಲಾಗದಂತೆ ಕಚ್ಚಿಕೊಳ್ಳುತ್ತವೆ. ಬೆಲ್ಟಿನ ಬಕಲ್ ಒಳಗೆ ಹೊಯಿಗೆ ಸೇರಿದಾಗ 'ಟಿಕ್' ಎಂಬ ಸದ್ದು ಬರುವುದಿಲ್ಲ, ಹಾಕಿದಂತೆ ಕಂಡರೂ ಎಳೆದರೆ ಬಿಚ್ಚಿಕೊಳ್ಳುತ್ತದೆ. ಸಿಹಿನೀರಿನಲ್ಲಿ ತೊಳೆದು, ಪ್ರತಿ ಸಲ ಎಳೆದು ನೋಡುವುದೇ ಉಪಾಯ. ಬಿಸಿಲಿನಲ್ಲಿ ನಿಲ್ಲಿಸಿದ ಸೀಟಿಗೆ ಮಗುವಿನ ತೊಡೆ ತಾಗಿಸುವ ಮೊದಲು ನಮ್ಮ ಅಂಗೈ ಇಟ್ಟು ನೋಡಬೇಕು.

ಮಾರಾಟದ ನಂತರದ ಸೇವೆ ಮಾತ್ರ ತೃಪ್ತಿಕರವಲ್ಲ. ಒಂದು ಬಕಲ್‌ಗಾಗಿ ಕೇಳಿದರೆ ಬಿಡಿಭಾಗ ಸಿಗುವುದಿಲ್ಲ, ಹೊಸ ಸೀಟೇ ಕೊಳ್ಳಿ ಎಂಬ ಉತ್ತರ ಬಂತು. ಕೊನೆಗೆ ಹೊರರಾಜ್ಯದಿಂದ ತರಿಸಿಕೊಂಡೆವು.

ಮಗಳ ತೂಕ ಮಿತಿಯೊಳಗೇ ಇದೆ, ಆದರೆ ಹೆಗಲು ಬೆಲ್ಟಿನ ಮೇಲಿನ ತೂತಿಗಿಂತ ಎತ್ತರಕ್ಕೆ ಬರುತ್ತಿದೆ. ಪೆಟ್ಟಿಗೆಯ ಮೇಲಿನ ಅಂಕಿಗಿಂತ ಮೊದಲೇ ಸೀಟು ಚಿಕ್ಕದಾಗುತ್ತದೆಂದು ಲೆಕ್ಕ ಹಾಕಿಯೇ ಕೊಳ್ಳಬೇಕು. ದೊಡ್ಡ ಮಗ ಪಕ್ಕದಲ್ಲಿ ತನ್ನ ಸೈಕಲ್ ತುಳಿಯುತ್ತಾನೆ. ಅವನು ಕಲಿತದ್ದು ಪಕ್ಕದ ಚಿಕ್ಕ ಗಾಲಿಗಳಿಲ್ಲದೆ, ಪೆಡಲ್ ಬಿಚ್ಚಿದ ಸೈಕಲ್ಲನ್ನು ಕಾಲಿನಿಂದ ತಳ್ಳುತ್ತಾ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ತಯಾರಿಸಿದ ದ್ವಿಚಕ್ರವೂ ಪೆಡಲ್ ಇಲ್ಲದ್ದೇ ಆಗಿತ್ತು. ಮಗಳಿಗೂ ಈಗ ಅದೇ ಪಾಠ ಶುರುವಾಗಿದೆ.

ಸೀಟನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆ ಇರುವವರು ಮೊದಲು ಸರಳುಗಳು ಒಳಸೇರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಲಿ. ಅಲ್ಲಿ ಪ್ಲಾಸ್ಟಿಕ್ ಬಿಳಿಚಿಕೊಂಡಿದ್ದರೆ, ಅಥವಾ ಸೀಟು ಅಪಘಾತದಲ್ಲಿ ಬಿದ್ದಿದೆಯೆಂದು ತಿಳಿದುಬಂದರೆ, ಉಚಿತವಾಗಿ ಕೊಟ್ಟರೂ ಬೇಡ.