ಇಟಾಲಿಯನ್ ಅತಿಥಿಗಳು ಬರುವ ಮನೆಗೆ ಒಂದು ಒಳ್ಳೆ ಡಿಕ್ಷನರಿ

ಹೋಂಸ್ಟೇ ನಡೆಸುವವರಿಗೆ ನನ್ನದೊಂದು ಮಾತು. ಫೋನಿನಲ್ಲಿ ಅನುವಾದದ ಆ್ಯಪ್ ಇದ್ದರೂ ವರ್ಡ್‌ರೆಫರೆನ್ಸ್ ಅನ್ನೋ ವೆಬ್‌ಸೈಟನ್ನೂ ಜೊತೆಗಿಟ್ಟುಕೊಳ್ಳಿ. 1999ರಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಿಲ್ಲ. ಅದರ ಇಟಾಲಿಯನ್-ಇಂಗ್ಲಿಷ್ ಡಿಕ್ಷನರಿ ನನಗೆ ತುಂಬಾ ಇಷ್ಟ.

ಚಿಕ್ಕಮಗಳೂರಿನವರಿಗೆ ಇಟಾಲಿಯನ್ ಯಾಕೆ ಅಂತೀರಾ? ನಮ್ಮ ದೇಶದ ಕಾಫಿಯನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳೋದೇ ಇಟಲಿ. ಅವರ ಎಸ್ಪ್ರೆಸೊ ಮೇಲೆ ದಪ್ಪ ನೊರೆ ನಿಲ್ಲಲಿ ಅಂತ ನಮ್ಮ ರೊಬಸ್ಟಾ ಜಾತಿಯ ಕಾಫಿಬೀಜ ಬೆರೆಸುತ್ತಾರೆ. ತೋಟ ನೋಡೋಕೆ ಅಂತ ಮೂಡಿಗೆರೆ ಕಡೆಯ ನಮ್ಮ ಮನೆಗೂ ಅಲ್ಲಿನವರು ಬರುತ್ತಾರೆ.

ಒಬ್ಬರು ಹೀಗೆ ಮೆಸೇಜ್ ಕಳಿಸಿದ್ದರು: ‘ಮಿಯಾ ಮಾದ್ರೆ ಕಮ್ಮೀನಾ ಪಿಯಾನೋ. ಚೆ ಉನಾ ಕಾಮೆರಾ ಅಲ್ ಪಿಯಾನೋ ತೆರ್ರಾ?’ ತಾಯಿ ನಿಧಾನ ನಡೆಯುತ್ತಾರೆ, ಕೆಳಗಡೆ ರೂಮು ಇದೆಯಾ ಅಂತ. ಆ್ಯಪ್ ಸರಿಯಾಗೇ ಹೇಳಿತು. ಆದರೆ ಎರಡು ಕಡೆ ಪಿಯಾನೋ ಯಾಕಿದೆ ಅಂತ ಅದು ಹೇಳಲ್ಲ. ಅದಕ್ಕೆ ಡಿಕ್ಷನರಿಯೇ ಬೇಕು.

ಅಲ್ಲಿ ಪಿಯಾನೋ ಅಂತ ಹಾಕಿ ನೋಡಿ. ಸ್ಲೋಲಿ, ಸಾಫ್ಟ್‌ಲಿ, ಫ್ಲೋರ್, ಪ್ಲಾನ್, ಫ್ಲಾಟ್, ಆಮೇಲೆ ನಮಗೆಲ್ಲ ಗೊತ್ತಿರುವ ವಾದ್ಯ. ಪ್ರತಿ ಅರ್ಥದ ಪಕ್ಕ ಅದು ಯಾವ ಸಂದರ್ಭದ್ದು ಅಂತ ಚಿಕ್ಕ ಸುಳಿವು, ಕೆಳಗೆ ಉದಾಹರಣೆ ವಾಕ್ಯ. ಇದೇ ಇದರ ದೊಡ್ಡ ಗುಣ. ಬರೀ ಪಟ್ಟಿ ಕೊಟ್ಟು ಕೈಬಿಡಲ್ಲ.

ಮೂಲ ಲ್ಯಾಟಿನ್ ಪದ ಪ್ಲಾನುಸ್. ಅಂದರೆ ಸಮತಟ್ಟು, ಸಗಣಿ ಸಾರಿಸಿದ ಕಣದ ಹಾಗೆ. ಸಮತಟ್ಟಾದದ್ದು ಮನೆಯ ಅಂತಸ್ತೂ ಆಯಿತು. ಏರಿಳಿತ ಇಲ್ಲದ ನಡಿಗೆ, ದನಿಗೂ ಅದೇ ಪದ ಬಂತು. 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಮಾಡಿದ ವಾದ್ಯ ಮೆಲ್ಲಗೂ ನುಡಿಯುತ್ತಿತ್ತು, ಜೋರಾಗಿಯೂ ನುಡಿಯುತ್ತಿತ್ತು. ಅದಕ್ಕೇ ಪಿಯಾನೋ-ಫೋರ್ತೆ. ಕೊನೆಗೆ ಮೆಲ್ಲಗೆ ಅನ್ನೋದಷ್ಟೇ ಹೆಸರಾಗಿ ಉಳಿಯಿತು.

ನಡಿಗೆಗೆ ಸ್ಲೋಲಿ, ದನಿಗೆ ಸಾಫ್ಟ್‌ಲಿ ಅಂತ ಇಂಗ್ಲಿಷಿಗೆ ಎರಡು ಪದ ಬೇಕು. ನಮಗೆ ಒಂದೇ ಸಾಕು. ಮೆಲ್ಲಗೆ ನಡಿ, ಮೆಲ್ಲಗೆ ಮಾತಾಡು ಅಂತೀವಲ್ವಾ? ಇಟಾಲಿಯನ್‌ಗೆ ಹತ್ತಿರ ಇರೋದು ಕನ್ನಡವೇ ಅನ್ನಿಸಿ ಖುಷಿಯಾಯಿತು. ‘ಕಿ ವಾ ಪಿಯಾನೋ ವಾ ಸಾನೋ ಎ ವಾ ಲೊಂತಾನೋ’ ಅಂತ ಅವರ ಗಾದೆ. ಮೆಲ್ಲಗೆ ಹೋದವನು ಕ್ಷೇಮವಾಗಿ ಹೋಗುತ್ತಾನೆ, ದೂರವೂ ಹೋಗುತ್ತಾನೆ. ನಮ್ಮ ‘ನಿಧಾನವೇ ಪ್ರಧಾನ’ ನೆನಪಾಗದೆ ಇರುತ್ತಾ?

ಕೊರತೆ ಅಂದರೆ ಕನ್ನಡ ಇಲ್ಲ, ಇಂಗ್ಲಿಷ್ ದಾಟಿಯೇ ಹೋಗಬೇಕು. ಜಾಹೀರಾತು ಇವೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ ಪುಸ್ತಕದ ಡಿಕ್ಷನರಿಯೇ ಗತಿ.

ಬುಕಿಂಗ್ ತಗೊಳ್ಳುವವರು ಇನ್ನೊಂದು ಪದ ನೋಡಿಟ್ಟುಕೊಳ್ಳಿ: ನಿಪೋತೆ. ಮೊಮ್ಮಗ, ಮೊಮ್ಮಗಳು, ಅಣ್ಣನ ಮಗ, ಅಕ್ಕನ ಮಗಳು, ಎಲ್ಲರೂ ಅದೇ. ‘ಇಬ್ಬರು ನಿಪೋತಿ ಬರುತ್ತಾರೆ’ ಅಂದರೆ ತೊಟ್ಟಿಲ ಮಕ್ಕಳೂ ಇರಬಹುದು, ಮೂವತ್ತು ದಾಟಿದವರೂ ಇರಬಹುದು. ಆ್ಯಪ್ ಒಂದೇ ಅರ್ಥ ತೋರಿಸಿದರೆ ನಂಬಿಬಿಡಬೇಡಿ. ವಯಸ್ಸು ಕೇಳಿ, ಆಮೇಲೆ ಹಾಸಿಗೆ ಹಾಕಿಸಿ.