ಗೇಟ್ ಮುಚ್ಚುವ ಸುದ್ದಿ ಸರಿಯಾಗಿ ಮುಟ್ಟಿಸುವುದು ಯಾವುದು? ಕಲಬುರಗಿಯಲ್ಲಿ ಬಳಸಿ ನೋಡಿದ ದಾರಿಗಳ ಹೋಲಿಕೆ

ಮುಂಬೈ–ಚೆನ್ನೈ ಮುಖ್ಯ ರೈಲು ಮಾರ್ಗ ಕಲಬುರಗಿಯನ್ನು ಹಾದುಹೋಗುತ್ತದೆ. ಹಳಿಯ ಈಚೆಗೆ ಮನೆ, ಆಚೆಗೆ ಶಾಲೆ, ಗಂಜ್, ಆಸ್ಪತ್ರೆ ಇರುವ ನಮ್ಮಂಥ ಬಡಾವಣೆಯವರಿಗೆ ಹಳಿ ದುರಸ್ತಿ ಎಂದರೆ ಅಂದಿನ ದಿನಚರಿಯೇ ಬದಲಾಗುವ ಮಾತು. ರಸ್ತೆ ಹಳಿ ದಾಟುವಲ್ಲಿನ ರೈಲ್ವೆ ಗೇಟ್ ಎರಡು ತಾಸು ಮುಚ್ಚಿದರೆ ಮೇಲ್ಸೇತುವೆ ಸುತ್ತಿ ಹೋಗಬೇಕು. ಆಟೊದವರು ಹೆಚ್ಚು ಬಾಡಿಗೆ ಕೇಳುತ್ತಾರೆ. ಡಯಾಲಿಸಿಸ್‌ಗೆ ಹೋಗುವವರು ಬೇಗನೇ ಹೊರಡಬೇಕು. ನಿವಾಸಿಗಳ ಸಂಘದಲ್ಲಿ ಈ ಸುದ್ದಿ ಮುಟ್ಟಿಸುವ ಹೊಣೆ ನನ್ನ ಪಾಲಿಗೆ ಬಂದ ಮೇಲೆ, ಸುದ್ದಿ ಪಡೆಯುವ ಮತ್ತು ಹಂಚುವ ದಾರಿಗಳನ್ನೆಲ್ಲ ಒಂದೊಂದಾಗಿ ಬಳಸಿ ನೋಡಿದ್ದೇನೆ. ಯಾವುದು ಯಾವುದಕ್ಕೆ ಆಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. 'ನಾಳೆ ಹತ್ತರಿಂದ ಹನ್ನೆರಡರವರೆಗೆ ಗೇಟ್ ಬಂದ್' ಎಂಬ ಮೊದಲ ಸುದ್ದಿ ಹೇಗೋ ಸಿಗುತ್ತದೆ. ಹತ್ತೂವರೆಗೆ 'ಇವತ್ತು ಕೆಲಸ ರದ್ದಾಗಿದೆ' ಎಂದೋ, ಹನ್ನೆರಡಕ್ಕೆ 'ಇನ್ನೂ ಮುಕ್ಕಾಲು ತಾಸು ಹಿಡಿಯುತ್ತದೆ' ಎಂದೋ ಹೇಳುವವರು ಯಾರು? ಈ ಎರಡನೆಯ ಸುದ್ದಿ ಬರುತ್ತದೆಯೋ ಇಲ್ಲವೋ ಎಂಬುದನ್ನು ನೋಡಿಯೇ ನಾನು ತೂಗಿದ್ದೇನೆ.

ಹೇಳಿದ ಸಮಯ ತಪ್ಪಿದಾಗಲೆಲ್ಲ ಅದು ಯಾರದೋ ಉದಾಸೀನ ಎಂದು ಬೈಯುವವರು ನಮ್ಮಲ್ಲಿ ಬಹಳ. ಕೆಲಸ ನಡೆಯುವ ಬಗೆ ತಿಳಿದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ಹಳಿಯ ಮೇಲೆ ಯಂತ್ರ ಇಳಿಯಬೇಕಾದರೆ ಆ ಭಾಗದಲ್ಲಿ ರೈಲು ಸಂಚಾರ ನಿಲ್ಲಿಸಿ 'ಬ್ಲಾಕ್' ಕೊಡಬೇಕು. ಮೇಲಿನ ತಂತಿಯ ಕೆಲಸವೂ ಇದ್ದರೆ 25,000 ವೋಲ್ಟ್ ವಿದ್ಯುತ್ತನ್ನು ಕಡಿಯಬೇಕು. ಅದಕ್ಕೂ ಮುಂಚೆ ದಾಟಬೇಕಾದ ರೈಲು ತಡವಾದರೆ ಬ್ಲಾಕ್ ತಡ, ಬ್ಲಾಕ್ ತಡವಾದರೆ ಗೇಟ್ ತೆರೆಯುವುದೂ ತಡ. ಬೇಸಿಗೆಯಲ್ಲಿ ಇನ್ನೊಂದು ತೊಡಕಿದೆ. ಉದ್ದಕ್ಕೂ ಬೆಸೆದ ಹಳಿ ಬಿಸಿಲಿಗೆ ಹಿಗ್ಗುತ್ತದೆ. ಹಳಿಯ ತಾಪ ಮಿತಿ ಮೀರಿದ ಹೊತ್ತಿನಲ್ಲಿ ಅದರ ಕೆಳಗಿನ ಜಲ್ಲಿ ಸಡಿಲಿಸಿದರೆ ಹಳಿ ಪಕ್ಕಕ್ಕೆ ಬಾಗುವ ಅಪಾಯವಿದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ನಡುಹಗಲು ಇಂಥ ಕೆಲಸಕ್ಕೆ ಒಗ್ಗುವುದಿಲ್ಲ. ಇನ್ನು ಗೇಟ್‌ನ ಒಳಗಿನ ಕೆಲಸವಂತೂ ಇನ್ನೂ ದೊಡ್ಡದು. ರಸ್ತೆಯ ಹಾಸು ಕಿತ್ತು, ಹಳಿಯ ಒಳಬದಿಗೆ ಹಾಕಿರುವ 'ಚೆಕ್ ರೈಲ್' ಬಿಚ್ಚಿ, ಹಳಿಯ ಕೆಳಗಿನ ಅಡ್ಡಪಟ್ಟಿಗಳಾದ ಸ್ಲೀಪರ್ ನೋಡಿ ಬದಲಿಸಿ, ಜಲ್ಲಿ ಬಿಗಿದು, ಮತ್ತೆ ರಸ್ತೆ ಹಾಸಬೇಕು. ಇದಕ್ಕೆ ಇಡೀ ದಿನ ಹಿಡಿಯಬಹುದು.

ಇನ್ನೊಂದು ಮಾತು ಜನರಿಗೆ ತಿಳಿಯುವುದೇ ಇಲ್ಲ. ಕೆಲಸ ಮುಗಿದ ಮೇಲೂ ಜಲ್ಲಿ ಕುಳಿತು ಗಟ್ಟಿಯಾಗುವ ತನಕ ಆ ಜಾಗದಲ್ಲಿ ರೈಲುಗಳನ್ನು ನಿಧಾನವಾಗಿ ಬಿಡುತ್ತಾರೆ. ಇದಕ್ಕೆ 'ಕಾಶನ್' ಎನ್ನುತ್ತಾರೆ. ಉದ್ದನೆಯ ಗೂಡ್ಸ್ ಗಾಡಿ ತೆವಳುತ್ತ ದಾಟಿದರೆ ಗೇಟ್ ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿರುತ್ತದೆ. 'ಕಾಮಗಾರಿ ಮುಗಿಯಿತು' ಎಂಬ ಸುದ್ದಿಯ ಜೊತೆಗೆ 'ಕೆಲವು ದಿನ ಗೇಟ್ ನಿಧಾನ' ಎಂಬುದನ್ನೂ ಹೇಳಬೇಕು.

ಈಗ ಒಂದೊಂದೇ ದಾರಿ ನೋಡೋಣ.

ದಿನಪತ್ರಿಕೆ ದೊಡ್ಡ ಕಾಮಗಾರಿಗೆ ಚೆನ್ನ. ಸಂಚಾರ ತಿಂಗಳುಗಟ್ಟಲೆ ಬದಲಾಗುವುದಿದ್ದರೆ, ರೈಲು ರದ್ದಾಗುವುದಿದ್ದರೆ ಸ್ಥಳೀಯ ಪುಟದಲ್ಲಿ ಬರುತ್ತದೆ, ಹಿರಿಯರು ನಂಬುತ್ತಾರೆ, ಕತ್ತರಿಸಿ ಇಟ್ಟುಕೊಳ್ಳಬಹುದು. ಆದರೆ ರಾತ್ರಿ ಅಚ್ಚಾದ ಪುಟಕ್ಕೆ ಬೆಳಗ್ಗೆ ಬದಲಾದ ಸಮಯ ಗೊತ್ತಿರಲು ಸಾಧ್ಯವಿಲ್ಲ. ಎರಡನೆಯ ಸುದ್ದಿಗೆ ಪತ್ರಿಕೆ ಆಗುವುದಿಲ್ಲ.

ರೈಲ್ವೆಯ 139 ಸಹಾಯವಾಣಿ, ರೈಲುಗಳ ಓಡಾಟ ತೋರಿಸುವ ಎನ್‌ಟಿಇಎಸ್ ಆ್ಯಪ್, 2025ರ ಜುಲೈ 1ರಂದು ಬಂದ ರೈಲ್‌ಒನ್ ಆ್ಯಪ್, ಈ ಮೂರೂ ಪ್ರಯಾಣಿಕರಿಗಾಗಿ ಇರುವಂಥವು. ಶಹಾಬಾದ್, ವಾಡಿ ಕಡೆಗೆ ದಿನವೂ ಹೋಗಿಬರುವ ನೌಕರರಿಗೆ ನಾನು ಕಣ್ಣು ಮುಚ್ಚಿ ಎನ್‌ಟಿಇಎಸ್ ಹೇಳುತ್ತೇನೆ. ಯಾವ ಗಾಡಿ ಎಲ್ಲಿದೆ, ಯಾವುದು ರದ್ದು, ಯಾವುದರ ಮಾರ್ಗ ಬದಲಾಗಿದೆ, ಯಾವುದರ ಹೊರಡುವ ಸಮಯ ಮುಂದಕ್ಕೆ ಹೋಗಿದೆ, ಎಲ್ಲ ಒಂದೇ ಕಡೆ ಸಿಗುತ್ತದೆ. ಆದರೆ ರೈಲು ಹತ್ತದೆ ಹಳಿ ದಾಟುವವರಿಗೆ ಇದರಲ್ಲಿ ಜಾಗವಿಲ್ಲ. ಗೇಟ್ ಎಂಬುದು ಆ್ಯಪ್‌ನ ಲೆಕ್ಕಕ್ಕೇ ಬರುವುದಿಲ್ಲ. ಆದರೂ ಇದರಿಂದ ಒಂದು ಉಪಾಯ ಸಿಕ್ಕಿದೆ: ಬ್ಲಾಕ್‌ಗೆ ಮುಂಚೆ ದಾಟಬೇಕಾದ ಎಕ್ಸ್‌ಪ್ರೆಸ್ ಗಾಡಿ ಇನ್ನೂ ಸೊಲ್ಲಾಪುರ ಕಡೆಯ ದುಧನಿ ನಿಲ್ದಾಣದ ಆಚೆಗಿದೆ ಎಂದು ತೋರಿಸಿದರೆ, ಕೆಲಸ ಹೇಳಿದ ಹೊತ್ತಿಗೆ ಶುರುವಾಗುವುದಿಲ್ಲ ಎಂದು ನಾವೇ ಊಹಿಸಬಹುದು.

ರೈಲ್ವೆ ವಿಭಾಗಗಳ ಎಕ್ಸ್ (ಹಿಂದಿನ ಟ್ವಿಟರ್) ಖಾತೆಗಳು ಮೂಲದಿಂದಲೇ ಬರುವ ಸುದ್ದಿ, ಹಾಗಾಗಿ ನೆಚ್ಚಬಹುದು. ಆದರೆ ಓದಿ ತಿಳಿಯಲು ತಾಳ್ಮೆ ಬೇಕು. ನಮ್ಮ ಭಾಗದ ಪರಿಸ್ಥಿತಿಯೇ ಹಾಗಿದೆ. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ, ಬೀದರ್ ಸಿಕಂದರಾಬಾದ್ ವಿಭಾಗಕ್ಕೆ, ಯಾದಗಿರಿ ಗುಂತಕಲ್ ವಿಭಾಗಕ್ಕೆ ಸೇರಿವೆ. ಮೂರು ಜಿಲ್ಲೆಗಳಿಗೆ ಮೂರು ವಿಭಾಗೀಯ ಕಚೇರಿಗಳು, ಮೂರೂ ಬೇರೆ ಬೇರೆ ರಾಜ್ಯಗಳಲ್ಲಿ. ಕಲಬುರಗಿಗೇ ಒಂದು ವಿಭಾಗ ಬೇಕೆಂದು 2014ರಲ್ಲಿ ಶಿಲಾನ್ಯಾಸವೂ ಆಯಿತು. ಅದು ನಡೆಯುತ್ತಿದ್ದರೆ ಈ ಸುದ್ದಿಗಳು ಮೊದಲು ಕನ್ನಡದಲ್ಲಿ ಬರುತ್ತಿದ್ದವು ಎಂಬ ಆಸೆ ನನ್ನದು, ಅದನ್ನು ಬಿಟ್ಟಿಲ್ಲ.

ಪ್ರಕಟಣೆಯಲ್ಲಿ 'ಅಪ್ ಲೈನ್', 'ಡೌನ್ ಲೈನ್' ಎಂದು ಬರೆದಿರುತ್ತಾರೆ. ಮಧ್ಯ ರೈಲ್ವೆಯಲ್ಲಿ ಮುಂಬೈ ಕಡೆಗೆ ಹೋಗುವುದು ಅಪ್, ಮುಂಬೈಯಿಂದ ದೂರ ಸರಿಯುವುದು ಡೌನ್. ಅಂದರೆ ಸೊಲ್ಲಾಪುರದತ್ತ ಅಪ್, ವಾಡಿಯತ್ತ ಡೌನ್. ಗೇಟ್ ಇರುವ ಜಾಗಕ್ಕೆ ಕಿಲೊಮೀಟರ್ ಸಂಖ್ಯೆ, ಗೇಟ್‌ಗೆ ಎಲ್‌ಸಿ (ಲೆವೆಲ್ ಕ್ರಾಸಿಂಗ್) ಸಂಖ್ಯೆ. ಅದನ್ನು 'ಗಿರಣಿ ಮುಂದಿನ ಗೇಟ್' ಎಂದು ಬದಲಿಸಿ ಹೇಳದೆ ನಮ್ಮ ಓಣಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಹಳಿ ಪಕ್ಕದ ವಿದ್ಯುತ್ ಕಂಬಗಳ ಮೇಲೆ ಕಿಲೊಮೀಟರ್ ಮತ್ತು ಕಂಬದ ಸಂಖ್ಯೆಯ ಫಲಕ ಇರುತ್ತದೆ. ನಮ್ಮ ಎರಡೂ ಗೇಟ್‌ಗಳ ಬಳಿಯ ಸಂಖ್ಯೆಗಳನ್ನು ಒಂದು ಸಂಜೆ ರಸ್ತೆಯಲ್ಲೇ ನಿಂತು ಬರೆದುಕೊಂಡೆ. ಆಮೇಲೆ ಪ್ರಕಟಣೆ ಓದಿದ ಕೂಡಲೇ ಅದು ನಮಗೆ ಸಂಬಂಧಿಸಿದ್ದೋ ಅಲ್ಲವೋ ಎಂದು ತಿಳಿಯತೊಡಗಿತು.

ಪ್ರಕಟಣೆ ಹೇಗಿರಬೇಕು ಎಂಬುದಕ್ಕೆ ಮಾದರಿ ಇದೇ ಮಧ್ಯ ರೈಲ್ವೆಯಲ್ಲಿದೆ. ಮುಂಬೈ ಲೋಕಲ್ ಮಾರ್ಗಗಳಲ್ಲಿ ಭಾನುವಾರ 'ಮೆಗಾ ಬ್ಲಾಕ್' ಇರುತ್ತದೆ. ಮಾಟುಂಗಾದಿಂದ ಮುಲುಂಡ್‌ವರೆಗೆ, ವೇಗದ ಹಳಿಗಳಲ್ಲಿ, 11.05ರಿಂದ 3.55ರವರೆಗೆ, ಆ ಹೊತ್ತಿನ ಗಾಡಿಗಳು ನಿಧಾನದ ಹಳಿಯಲ್ಲಿ ಓಡುತ್ತವೆ, ಇಂತಿಂಥ ನಿಲ್ದಾಣಗಳಲ್ಲಿ ನಿಲ್ಲುತ್ತವೆ ಎಂದು ನಿಮಿಷದ ಲೆಕ್ಕದಲ್ಲಿ ಮುಂಚಿತವಾಗಿ ಹೇಳುತ್ತಾರೆ. ಅಲ್ಲಿಯ ಜನ ಭಾನುವಾರದ ಮದುವೆ, ಮುಂಜಿಗೆ ಹೊರಡುವ ಮುಂಚೆ ಅದನ್ನು ನೋಡುತ್ತಾರೆ. ಲಕ್ಷಾಂತರ ಜನರ ಊರಿಗೆ ಸಾಧ್ಯವಾದದ್ದು ನಮ್ಮ ಒಂದು ಗೇಟ್‌ಗೆ ಸಾಧ್ಯವಾಗದೆ ಇರಲು ಕಾರಣ ಕಾಣುವುದಿಲ್ಲ.

ಗೇಟ್‌ಮನ್‌ರನ್ನು ನೇರವಾಗಿ ಕೇಳುವುದು ಎಲ್ಲಕ್ಕಿಂತ ತಾಜಾ ಸುದ್ದಿ. 'ಕಾಕಾ, ಇವತ್ತು ಎಷ್ಟು ಹೊತ್ತು?' ಎಂದರೆ 'ಹನ್ನೊಂದಕ್ಕೆ ಬಿಡುತ್ತಾರಂತೆ ಸರ್, ಮಷೀನ್ ತಡವಾದರೆ ನನ್ನ ಕೈಯಲ್ಲಿಲ್ಲ' ಎನ್ನುತ್ತಾರೆ. ಇಷ್ಟು ಪ್ರಾಮಾಣಿಕ ಉತ್ತರ ಬೇರೆಲ್ಲೂ ಸಿಕ್ಕಿಲ್ಲ. ಆದರೂ ಇದನ್ನು ರೂಢಿ ಮಾಡಬಾರದು ಎಂದು ನಾನೇ ಎಲ್ಲರಿಗೂ ಹೇಳಿದ್ದೇನೆ. ಅವರು ಸ್ಟೇಷನ್ ಮಾಸ್ಟರ್ ಜೊತೆ ಫೋನಿನಲ್ಲಿ 'ಖಾಸಗಿ ಸಂಖ್ಯೆ' (ಮಾತನ್ನು ಖಚಿತಪಡಿಸುವ ಗುಟ್ಟಿನ ಅಂಕಿ) ವಿನಿಮಯ ಮಾಡಿಕೊಂಡು 'ಗೇಟ್ ಮುಚ್ಚಿದೆ' ಎಂದು ಖಾತರಿಪಡಿಸುವ ಹೊತ್ತಿಗೆ ಹತ್ತು ಜನ ಕಿಟಕಿಗೆ ಮುತ್ತಿಕೊಂಡರೆ ಅಪಾಯ. ಈಗ ಬಡಾವಣೆಯ ಪರವಾಗಿ ಒಬ್ಬರೇ, ರೈಲು ಇಲ್ಲದ ಹೊತ್ತು ನೋಡಿ, ಕೇಳಿ ಬರುತ್ತಾರೆ.

ಇನ್ನು ಹಂಚುವ ದಾರಿಗಳು. ಆಟೊದಲ್ಲಿ ಮೈಕ್ ಕಟ್ಟಿ ಸಾರಿಸಿ ನೋಡಿದ್ದೇವೆ. ಸದ್ದು ಮುಟ್ಟುತ್ತದೆ, ಸಮಯ ನೆನಪಿನಲ್ಲಿ ಉಳಿಯುವುದಿಲ್ಲ. ಬಾಡಿಗೆಯೂ ಭಾರ. ರಸ್ತೆ ಪೂರ್ತಿ ಅಗೆಯುವ ದಿನದ ಹಿಂದಿನ ಸಂಜೆಗೆ ಮಾತ್ರ ಸರಿ.

ವಾಟ್ಸ್‌ಆ್ಯಪ್ ಗುಂಪು ವೇಗದಲ್ಲಿ ಎಲ್ಲವನ್ನೂ ಮೀರಿಸುತ್ತದೆ, ಮತ್ತು ಎರಡನೆಯ ಸುದ್ದಿಯನ್ನು ನಿಜವಾಗಿ ಕೊಡಬಲ್ಲದು. ಆದರೆ ಹಳೆಯ ಸಂದೇಶಗಳು ಸಾಯುವುದಿಲ್ಲ. 'ಇಂದು ಗೇಟ್ ಬಂದ್' ಎಂಬ ಸಾಲು ದಿನಾಂಕವಿಲ್ಲದೆ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿ ಮೂರನೆಯ ದಿನ ತಿರುಗಿ ನಮ್ಮಲ್ಲಿಗೇ ಬಂದಿತ್ತು. ಆ ದಿನ ಗೇಟ್ ತೆರೆದೇ ಇತ್ತು. ಬಸುರಿ ಹೆಣ್ಣುಮಗಳೊಬ್ಬಳನ್ನು ತಪಾಸಣೆಗೆ ಕರೆದೊಯ್ಯುತ್ತಿದ್ದ ಅವಳ ಅತ್ತೆ ಅದನ್ನು ನಂಬಿ ಸುತ್ತು ಹಾಕಿಕೊಂಡು ಹೋದರು, ವೈದ್ಯರು ಹೊರಟುಹೋಗಿದ್ದರು. ಅಂದಿನಿಂದ ನಮ್ಮ ಗುಂಪಿನಲ್ಲಿ ಕಟ್ಟುನಿಟ್ಟು ಇದೆ. ಗೇಟ್ ಸುದ್ದಿ ಹಾಕುವವರು ಇಬ್ಬರೇ. 'ಇಂದು', 'ನಾಳೆ' ಎಂಬ ಪದಗಳು ನಿಷಿದ್ಧ, ವಾರ ಮತ್ತು ತಾರೀಕು ಬರೆಯಲೇಬೇಕು. ಸುದ್ದಿ ಎಲ್ಲಿಂದ ಬಂತು, ಎಷ್ಟು ಗಂಟೆಗೆ ತಿಳಿಯಿತು ಎಂಬುದೂ ಇರಬೇಕು. ಕೆಲಸ ಮುಗಿದಾಗ ಹಳೆಯ ಸಂದೇಶ ಅಳಿಸಿ 'ಗೇಟ್ ತೆರೆದಿದೆ' ಎಂದು ಹಾಕಬೇಕು. ಶುಭೋದಯದ ಹೂವುಗಳಿಗೆ ಬೇರೆ ಗುಂಪು ಮಾಡಿಕೊಟ್ಟಿದ್ದೇವೆ.

ಇಷ್ಟಾದರೂ ಕೈಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರು, ಇದ್ದರೂ ಕೆಲಸದ ನಡುವೆ ನೋಡದವರು ಉಳಿದರು: ತರಕಾರಿ ಗಾಡಿಯವರು, ಮನೆಗೆಲಸಕ್ಕೆ ಹಳಿ ದಾಟಿ ಬರುವ ಹೆಣ್ಣುಮಕ್ಕಳು, ಗಾರೆ ಕೆಲಸದವರು. ಗೇಟ್ ಮುಚ್ಚಿದರೆ ಅರ್ಧ ದಿನದ ಕೂಲಿ ಕಳೆದುಕೊಳ್ಳುವವರೇ ಇವರು. ಅವರಿಗಾಗಿ ಹಿಟ್ಟಿನ ಗಿರಣಿಯ ಗೋಡೆಗೆ ಒಂದು ಕರಿಹಲಗೆ ಹಾಕಿದೆವು. ಎಲ್ಲಕ್ಕಿಂತ ಅಗ್ಗದ್ದೂ ಇದೇ, ನಾನು ಎಲ್ಲಕ್ಕಿಂತ ಹೆಚ್ಚು ಅಂಕ ಕೊಡುವುದೂ ಇದಕ್ಕೇ.

ಹಲಗೆಯನ್ನು ಗೇಟ್ ಬಳಿ ಹಾಕಿಲ್ಲ. ಗೇಟ್ ತನಕ ಹೋದವರಿಗೆ ಅದು ಮುಚ್ಚಿದ್ದು ಕಣ್ಣಿಗೇ ಕಾಣುತ್ತದೆ, ಸುದ್ದಿ ಬೇಕಿರುವುದು ತಿರುಗಬಹುದಾದ ಜಾಗದಲ್ಲಿ. ಗಿರಣಿಯ ಮುಂದೆ ರಸ್ತೆ ಎರಡಾಗುತ್ತದೆ, ಒಂದು ಗೇಟ್‌ಗೆ, ಇನ್ನೊಂದು ಸೇತುವೆಗೆ. ಹಲಗೆಯ ಮೇಲೆ ನಾಲ್ಕೇ ಸಾಲು: ತಾರೀಕು, ಮುಚ್ಚುವ ಹೊತ್ತು, ತೆರೆಯುವ ಹೊತ್ತು, ಮತ್ತು ಕೆಳಗೆ 'ಇದನ್ನು ಬರೆದದ್ದು ಇಷ್ಟು ಗಂಟೆಗೆ'. ಮೇಲಿನ ಅರ್ಧ ಕನ್ನಡ, ಕೆಳಗಿನ ಅರ್ಧ ಉರ್ದು. ಉರ್ದು ಸಾಲುಗಳನ್ನು ಪಕ್ಕದ ಹೊಲಿಗೆ ಅಂಗಡಿಯ ಚಾಚಾ ಬರೆಯುತ್ತಾರೆ. ಓದಲು ಬಾರದವರಿಗಾಗಿ ಗೇಟ್ ಮುಚ್ಚಿದ್ದರೆ ಕೆಂಪು ತಗಡು, ತೆರೆದಿದ್ದರೆ ಹಸಿರು ತಗಡು ಮೊಳೆಗೆ ನೇತುಹಾಕುತ್ತೇವೆ. ಕೊನೆಯ ಸಾಲೇ ಹಲಗೆಯ ಜೀವ. ಬೆಳಗ್ಗೆ ಏಳಕ್ಕೆ ಬರೆದದ್ದು ಹನ್ನೊಂದಕ್ಕೂ ಹಾಗೇ ಇದ್ದರೆ ಜನ ಗಿರಣಿಯವರನ್ನು ಕೇಳುತ್ತಾರೆ, ಗಿರಣಿಯವರು ನಮಗೆ ಫೋನ್ ಮಾಡುತ್ತಾರೆ, ನಾವು ಗೇಟ್‌ಗೆ ಹೋಗಿ ಕೇಳಿ ಬರುತ್ತೇವೆ. ಹೀಗೆ ಎರಡನೆಯ ಸುದ್ದಿ ತಾನಾಗಿ ಹುಟ್ಟುತ್ತದೆ.

ಹಲಗೆಗೂ ಕೊರತೆಗಳಿವೆ. ಮಳೆಗಾಲದಲ್ಲಿ ಸೀಮೆಸುಣ್ಣದ ಬರಹ ನಿಲ್ಲುವುದಿಲ್ಲ, ಮೇಲೆ ತಗಡಿನ ಮಾಡು ಹಾಕಿಸಬೇಕಾಯಿತು. ಮನೆಯಲ್ಲೇ ಇರುವವರಿಗೆ ಅದು ಮುಟ್ಟುವುದಿಲ್ಲ. ಬರೆಯುವವರು ಊರಿಗೆ ಹೋದರೆ ಖಾಲಿ ಬೀಳುತ್ತದೆ, ಅದಕ್ಕೇ ಪಾಳಿ ಮಾಡಿಕೊಂಡಿದ್ದೇವೆ.

ಹಲಗೆಯಲ್ಲಿ ಬರೆದದ್ದನ್ನೆಲ್ಲ ಅಳಿಸುವ ಮುಂಚೆ ಒಂದು ನೋಟ್‌ಬುಕ್‌ಗೆ ಇಳಿಸುತ್ತೇವೆ. ಗೇಟ್ ಬದಲು ಮೇಲ್ಸೇತುವೆ ಬೇಕೋ ಎಂದು ನೋಡುವಾಗ ರೈಲ್ವೆ ದಿನದ ರೈಲುಗಳನ್ನು ಅಲ್ಲಿ ದಾಟುವ ವಾಹನಗಳ ಲೆಕ್ಕದಿಂದ ಗುಣಿಸುತ್ತದೆ. ಅದನ್ನು ಟಿವಿಯು (ಟ್ರೈನ್ ವೆಹಿಕಲ್ ಯೂನಿಟ್) ಎನ್ನುತ್ತಾರೆ. ಒಂದು ಲಕ್ಷ ದಾಟಿದರೆ ಸೇತುವೆಯ ಬೇಡಿಕೆಗೆ ಬಲ ಬರುತ್ತದೆ. ಆ ಗುಣಾಕಾರದಲ್ಲಿ ಜನ ಕಾದ ಹೊತ್ತು ಸೇರುವುದಿಲ್ಲ. ನಮ್ಮ ನೋಟ್‌ಬುಕ್‌ನಲ್ಲಿ ಅದಿದೆ, ಮನವಿಯ ಜೊತೆ ಲಗತ್ತಿಸಲು ಇಟ್ಟುಕೊಂಡಿದ್ದೇವೆ.

ಯಾರಿಗೆ ಯಾವುದು ಎಂದು ಕೇಳಿದರೆ: ರೈಲು ಹತ್ತುವವರಿಗೆ ಎನ್‌ಟಿಇಎಸ್ ಸಾಕು. ಮನೆಯಲ್ಲಿ ರೋಗಿಗಳಿರುವವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರಲೇಬೇಕು. ಬಡಾವಣೆಗೆ ಒಟ್ಟಾಗಿ ಒಂದೇ ಆಗಬೇಕು ಎಂದರೆ ಹಲಗೆ, ಆದರೆ ಅದಕ್ಕೆ ಸುದ್ದಿ ತರಲು ವಿಭಾಗದ ಖಾತೆ ಓದುವವರೊಬ್ಬರು ಬೇಕೇ ಬೇಕು.

2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್–ಕಲಬುರಗಿ ಮಾರ್ಗದ ಪಕ್ಕದವರು, ಯಾದಗಿರಿಯ ಹಳಿ ಬದಿಯವರು ಇದನ್ನು ಮಾಡಿ ನೋಡುವುದಾದರೆ ಮೊದಲು ನಿಮ್ಮ ಗೇಟ್ ಯಾವ ವಿಭಾಗದ್ದು ಎಂದು ನಿಲ್ದಾಣದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಬೀದರ್‌ನವರು ಸಿಕಂದರಾಬಾದ್ ವಿಭಾಗದ್ದನ್ನು, ಯಾದಗಿರಿಯವರು ಗುಂತಕಲ್ ವಿಭಾಗದ್ದನ್ನು ನೋಡಬೇಕಾಗುತ್ತದೆ, ಸೊಲ್ಲಾಪುರದ ಪ್ರಕಟಣೆಯಲ್ಲಿ ನಿಮ್ಮ ಗೇಟ್ ಸಿಗುವುದಿಲ್ಲ. ಗೇಟ್‌ನ ಎಲ್‌ಸಿ ಸಂಖ್ಯೆಯನ್ನೂ ಪಕ್ಕದ ಕಂಬದ ಸಂಖ್ಯೆಯನ್ನೂ ಹಳಿಯ ಮೇಲೆ ಹೋಗದೆ ರಸ್ತೆಯಿಂದಲೇ ನೋಡಿ ಬರೆದುಕೊಳ್ಳಿ. ಹಲಗೆಗೆ ಜಾಗ ಹುಡುಕುವಾಗ ಗೇಟ್‌ಗೆ ಮುಂಚಿನ ಕೊನೆಯ ತಿರುವು ಎಲ್ಲಿದೆ ಎಂದು ನಡೆದು ನೋಡಿ, ಅಲ್ಲಿ ಬೆಳಗ್ಗೆ ಬೇಗ ಬಾಗಿಲು ತೆರೆಯುವ ಅಂಗಡಿಯವರನ್ನು ಕೇಳಿ.