ಉಪ್ಪರಿಗೆ ಹಲಗೆಗೆ ಯಾವ ಪಾಲಿಯುರೆಥೇನ್?

ಉಡುಪಿಯ ನಮ್ಮ ಹಳೆ ಮನೆಯ ಉಪ್ಪರಿಗೆಯಲ್ಲಿ ಒಂದು ಕೋಣೆಯ ಹಲಗೆ ನೆಲಕ್ಕೆ ಆಯಿಲ್ ಬೇಸ್ ಪಾಲಿಯುರೆಥೇನ್ (ಮರದ ಮೇಲೆ ಹಚ್ಚುವ ವಾರ್ನಿಷ್) ಹಚ್ಚಿದೆ, ಪಕ್ಕದ್ದಕ್ಕೆ ವಾಟರ್ ಬೇಸ್. ಆಯಿಲ್‌ನದ್ದು ಜೇನಿನ ಬಣ್ಣ ಕೊಡುತ್ತದೆ, ವರ್ಷ ಕಳೆದಂತೆ ಇನ್ನೂ ಹಳದಿಯಾಗುತ್ತದೆ. ಸಾಗುವಾನಿಗೆ ಅದೇ ಚಂದ. ಆದರೆ ವಾಸನೆ ಜೋರು, ಒಂದು ಕೋಟ್ ಒಣಗಲು ಹೆಚ್ಚುಕಮ್ಮಿ ಇಡೀ ದಿನ ಬೇಕು. ಅಷ್ಟರೊಳಗೆ ಸೊಳ್ಳೆಯೊಂದು ಬಂದು ಅಂಟಿಕೊಂಡಿತು, ಈಗಲೂ ಅಲ್ಲೇ ಇದೆ!

ವಾಟರ್ ಬೇಸ್ ಡಬ್ಬಿಯಲ್ಲಿ ಹಾಲಿನಂತಿರುತ್ತದೆ, ಒಣಗಿದರೆ ತಿಳಿ. ಎರಡು-ಮೂರು ಗಂಟೆ ಸಾಕು. ಪದರ ತೆಳು, ಹಾಗಾಗಿ 3-4 ಕೋಟ್ ಬೇಕು, ಬೆಲೆಯೂ ಜಾಸ್ತಿ. ಮಕ್ಕಳಿರುವ ಮನೆಗೆ ನಾನಂತೂ ಇದನ್ನೇ ಹೇಳುತ್ತೇನೆ.

ಆಟಿಯ ಮಳೆಯಲ್ಲಿ ಎರಡನ್ನೂ ಮುಟ್ಟಬೇಡಿ, ತೇವಕ್ಕೆ ಬೇಗ ಒಣಗುವುದಿಲ್ಲ. ಆಮೇಲೆ ಒರೆಸುವಾಗ ಬಟ್ಟೆ ಚೆನ್ನಾಗಿ ಹಿಂಡಿ. ಮೇಣದ ಪಾಲಿಶ್ ಮಾತ್ರ ಬೇಡ, ಮುಂದೆ ಹೊಸ ಕೋಟ್ ಹಿಡಿಯುವುದಿಲ್ಲ.